ನನ್ನ ಮುಖ ಬಲ್ಲ ಕಾಗೆಗಳು

20 ಜನವರಿ 2025, ಸೋಮವಾರ

ಮದುವೆಯಾಗಿ ಇವತ್ತಿಗೆ ನಲವತ್ತಾರು ದಿನ. ಬೆಳಗ್ಗೆ ಕಿಶೋರ್ ಅಹಮದಾಬಾದಿಗೆ ಹೋದ. ಬ್ಯಾಂಕಿನ ತರಬೇತಿಯಂತೆ, ನಾಲ್ಕು ವಾರ. ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ವಾಪಸ್ಸು. ಹೊಸ ಗಂಡನನ್ನು ಹೀಗೆ ಕಿತ್ತುಕೊಂಡು ಹೋಗುವ ಬ್ಯಾಂಕಿಗೆ ಒಂದಿಷ್ಟೂ ನಾಚಿಕೆಯಿಲ್ಲ. ಆದರೂ ನಾನು ಅಳಲಿಲ್ಲ. ಹೊರಡುವ ಮುಂಚೆ ಅವನು ನನ್ನ ಕೈಯಲ್ಲಿ ಒಂದು ಕ್ಯಾಮೆರಾ ಇಟ್ಟ! ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಒತ್ತಿದರೆ ಮೂತಿ ಮುಂದೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಒಳಗೆ ಹೋಗುತ್ತದೆ. ಬೆಳಗಿನಿಂದ ಅದನ್ನೇ ಮಾಡುತ್ತಿದ್ದೇನೆ.

ದಿನಚರಿಯನ್ನು ಕನ್ನಡದಲ್ಲೇ ಬರೆಯುವುದೆಂದು ತೀರ್ಮಾನಿಸಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನನಗೆ ಒತ್ತಕ್ಷರಗಳು ಇವತ್ತಿಗೂ ಕಾಟ ಕೊಡುತ್ತವೆ. ಆದರೆ ಇಲ್ಲೇ ಸೂರತ್ತಿನಲ್ಲಿ ಹುಟ್ಟಿ ಬೆಳೆದ ಕಿಶೋರ್‌ಗೆ ಕನ್ನಡ ಓದಲಿಕ್ಕೇ ಬರುವುದಿಲ್ಲ. ಇಷ್ಟು ಭದ್ರವಾದ ಬೀಗ ಬೇರೆಲ್ಲಿ ಸಿಗುತ್ತದೆ? ಅವನ ಅಮ್ಮನಿಗೆ ಬರುತ್ತದೆ. ಆದರೆ ಅವರು ಇನ್ನೊಬ್ಬರ ಪುಸ್ತಕ ತೆರೆಯುವವರಲ್ಲ. ನನ್ನ ಜೊತೆ ಬಾಯಿ ತೆರೆಯುವುದೂ ಕಡಿಮೆಯೇ.

ಈಗ ಈ ಮನೆಯಲ್ಲಿ ಅವರು, ನಾನು, ಕ್ಯಾಮೆರಾ.

22 ಜನವರಿ

ಕಿಶೋರ್‌ನ ಮನೆ ಮೂರನೆಯ ಮಹಡಿಯಲ್ಲಿದೆ. ಅದರ ಮೇಲಿನ ತಾರಸಿ ಪೂರ್ತಿ ಇವರದೇ. ಅವನ ಅಪ್ಪ ಹಯವದನ ರಾಯರು ವಿಮಾ ಕಚೇರಿಯಲ್ಲಿದ್ದವರು, ತಾರಸಿಯ ತುಂಬ ಕುಂಡಗಳನ್ನಿಟ್ಟು ಬೆಳೆಸಿದ್ದರಂತೆ. ಅವರು ತೀರಿಕೊಂಡು ಮೂರು ವರ್ಷವಾಗುತ್ತಾ ಬಂತು. ದಾಸವಾಳ ಮಾತ್ರ ಯಾರನ್ನೂ ಕೇಳದೆ ಹೂ ಬಿಡುತ್ತಿದೆ. ಪಕ್ಕದಲ್ಲೇ ಕಾಂಪೌಂಡಿನ ಬೇವಿನ ಮರ, ಅದರ ತಲೆ ನಮ್ಮ ಗೋಡೆಗೆ ತಾಗುತ್ತದೆ. ಸಂಕ್ರಾಂತಿಯ ಗಾಳಿಪಟಗಳು ಇನ್ನೂ ಅಲ್ಲೇ ಸಿಕ್ಕಿಕೊಂಡಿವೆ.

ಮತ್ತು ಹಕ್ಕಿಗಳು! ಎಷ್ಟೊಂದು! ಕಿಶೋರ್‌ನ ಅಮ್ಮನಿಗೆ ಮಂಡಿನೋವು, ಮೇಲೆ ಹತ್ತುವುದಿಲ್ಲ. ಹಾಗಾಗಿ ಇಡೀ ತಾರಸಿ ನನ್ನದು, ಅವುಗಳದು.

ಇವತ್ತು ನೂರಾ ಹನ್ನೆರಡು ಫೋಟೋ ತೆಗೆದೆ. ನೂರಾ ಹನ್ನೊಂದರಲ್ಲಿ ಆಕಾಶವಿದೆ, ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಏನೋ ಇದೆ. ಉಳಿದ ಒಂದರಲ್ಲಿ ನನ್ನ ಹೆಬ್ಬೆರಳು. ಈ ಪುಟಾಣಿ ಕ್ಯಾಮೆರಾಕ್ಕೆ ದೂರದ್ದು ಕಾಣುವುದಿಲ್ಲ, ಆದರೆ ಹತ್ತಿರದ್ದನ್ನು ಅದ್ಭುತವಾಗಿ ಹಿಡಿಯುತ್ತದೆ. ದಾಸವಾಳದ ಕೇಸರದ ಮೇಲಿನ ಪುಡಿಯನ್ನೂ ಎಣಿಸಬಹುದು. ಹಾಗಾದರೆ ಹಕ್ಕಿಯೇ ಹತ್ತಿರ ಬರಬೇಕು. ಬರಿಸುತ್ತೇನೆ.

24 ಜನವರಿ

ದೊಡ್ಡ ಎಡವಟ್ಟು.

ಮಣ್ಣಿನ ತಟ್ಟೆಯಲ್ಲಿ ಪಪ್ಪಾಯಿ ಹೋಳು ಇಟ್ಟು, ನಾನು ಮರೆಯಲ್ಲಿ ಕೂರಬೇಕೆಂದು ಒಂದು ಪರದೆ ಹುಡುಕಿದೆ. ಹಿಂದಿನ ಬಾಲ್ಕನಿಯಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರ ಗಳುವಿನಲ್ಲಿ ಒಂದು ಹಸಿರು ಸೀರೆ ಒಣಗುತ್ತಿತ್ತು. ಎಲೆಯದೇ ಬಣ್ಣ! ಸ್ಟೂಲ್ ಹತ್ತಿ ಎಳೆದುಕೊಂಡು ತಾರಸಿಗೆ ಒಯ್ದು ಕಟ್ಟಿ, ಒಂದು ಗಂಟೆ ಅದರ ಹಿಂದೆ ಕೂತೆ.

ಅದು ನಾಳೆ ಪೂಜೆಗೆ ಉಡುವ ಮಡಿ ಸೀರೆ. ಯಾರೂ ಮುಟ್ಟಬಾರದೆಂದೇ ಅಷ್ಟು ಎತ್ತರದಲ್ಲಿ, ಕೋಲಿನಿಂದ ಹರಡಿದ್ದು. ನಮ್ಮ ಮನೆಯಲ್ಲಿ ಮಡಿ ಅಂದರೆ ಅಜ್ಜಿ ಬಂದ ವಾರ ಮಾತ್ರ. ನನಗೆ ಹೊಳೆಯಲೇ ಇಲ್ಲ.

ಅವರು ಬೈಯಲಿಲ್ಲ. ಸೀರೆಯನ್ನು ಮತ್ತೆ ನೆನೆಸಿ, ಹಿಂಡಿ, ಕೋಲು ಹಿಡಿದು ಹರಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

27 ಜನವರಿ

ಸಿಕ್ಕಿತು, ಸಿಕ್ಕಿತು, ಸಿಕ್ಕಿತು!

ಉಪಾಯ ಇಷ್ಟೇ: ನಾನು ಹಕ್ಕಿಯ ಹತ್ತಿರ ಹೋಗಬಾರದು. ಕ್ಯಾಮೆರಾವನ್ನು ಕುಂಡಗಳ ನಡುವೆ ತಟ್ಟೆಗೆ ಒಂದಡಿ ದೂರದಲ್ಲಿಟ್ಟು, ಮೆಟ್ಟಿಲ ಬಾಗಿಲ ಬಳಿ ಕೂತು ಮೊಬೈಲಿನಿಂದ ಕ್ಲಿಕ್ಕಿಸಬೇಕು. ಇನ್ನೊಂದು ವಿಷಯ ನಾನೇ ಕಂಡುಹಿಡಿದದ್ದು: ಹಕ್ಕಿಗಳಿಗೆ ಮನುಷ್ಯರಿಗಿಂತ ಮನುಷ್ಯರ ಕಣ್ಣಿನ ಭಯ ಹೆಚ್ಚು. ನೆಟ್ಟು ನೋಡಿದರೆ ಬರುವುದಿಲ್ಲ. ಬೆನ್ನು ಹಾಕಿ ಕೂತರೆ ಐದೇ ನಿಮಿಷದಲ್ಲಿ ತಟ್ಟೆಯ ಮೇಲೆ ಹಾಜರ್.

ಬುಲ್‌ಬುಲ್‌ನ ಕಪ್ಪು ಜುಟ್ಟಿನ ಒಂದೊಂದು ಎಳೆ, ಕೊಕ್ಕಿಗೆ ಮೆತ್ತಿದ ಪಪ್ಪಾಯಿ, ಕಣ್ಣಿನಲ್ಲಿ ಇಡೀ ತಾರಸಿ! ಕುಣಿದುಕೊಂಡೇ ಕೆಳಗೆ ಹೋಗಿ ಕಿಶೋರ್‌ನ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಪಿಕಳಾರ,” ಎಂದರು.

ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಉಳಿದವನ್ನೂ ತೋರಿಸುತ್ತಾ ಹೋದೆ. ಮೈನಾ ಗೊರವಂಕವಾಯಿತು. ಕಪ್ಪು ಬಿಳುಪಿನ ರಾಬಿನ್ ಮಡಿವಾಳ. ದಾಸವಾಳಕ್ಕೆ ಜೋತುಬಿದ್ದು ಜೇನು ಹೀರುವ ನೀಲಿ ಮಿಂಚು ಸೂರಕ್ಕಿ. ಇನ್ನೊಂದು ಮಾತೂ ಆಡಲಿಲ್ಲ. ಆದರೆ ನಾಲ್ಕು ಹೆಸರು ಕೊಟ್ಟರು. ಇವತ್ತಿಗೆ ಸಾಕು.

29 ಜನವರಿ

ನನ್ನ ವೈರಿಗಳು: ಕಾಗೆಗಳು.

ಪಪ್ಪಾಯಿ ಇಟ್ಟು ಬಾಗಿಲಿಗೆ ಬರುವಷ್ಟರಲ್ಲಿ ತಟ್ಟೆ ಖಾಲಿ. ನಿನ್ನೆ ತಟ್ಟೆಯನ್ನೇ ಗೋಡೆಯಿಂದ ಉರುಳಿಸಿ ಒಡೆದವು. ಇವತ್ತು ಗುಬ್ಬಚ್ಚಿಯೊಂದು ಗುಲಾಬಿ ಬಣ್ಣದ ಪಾಲಿಯೆಸ್ಟರ್ ದಾರ ಕಚ್ಚಿಕೊಂಡು ಕ್ಯಾಮೆರಾದ ಎದುರಿಗೇ ಕೂತಿತ್ತು, ಇದೇ ಊರಿನ ಪಾಂಡೇಸರಾದ ಯಾವ ಬಟ್ಟೆ ಮಿಲ್ಲಿನ ಸೀರೆಯದೋ. ನಾನು ಉಸಿರು ಬಿಗಿಹಿಡಿದು ಬೆರಳು ಎತ್ತಿದೆ, ಅಷ್ಟರಲ್ಲಿ ಧಡಕ್ಕೆಂದು ಕಾಗೆ. ಆ ಫೋಟೋ ನನಗೆ ಇನ್ನೆಂದೂ ಸಿಗುವುದಿಲ್ಲ.

ಇಂಟರ್‌ನೆಟ್ಟಿನಲ್ಲಿ ಒಂದು ಉಪಾಯ ಓದಿದೆ. ಸತ್ತ ಕಾಗೆಯ ಹಾಗಿರುವ ಬೊಂಬೆಯನ್ನು ತಲೆಕೆಳಗಾಗಿ ನೇತುಹಾಕಬೇಕಂತೆ. ಕಿಶೋರ್‌ನ ಎರಡು ಕಪ್ಪು ಕಾಲುಚೀಲ, ಹರಿದ ಕೊಡೆಯ ಬಟ್ಟೆ, ಒಳಗೆ ಹತ್ತಿ. ಬಹಳ ಚೆನ್ನಾಗಿ ಬಂದಿದೆ. ನನಗೇ ನೋಡಲು ಕಷ್ಟವಾಗುತ್ತಿದೆ.

30 ಜನವರಿ

ಯುದ್ಧ ಗೆದ್ದೆ. ಬೊಂಬೆ ಕಟ್ಟುತ್ತಿದ್ದ ಹಾಗೇ ಎಲ್ಲಿದ್ದವೋ, ನೂರಾರು ಬಂದು ಆಕಾಶವನ್ನೇ ಕಪ್ಪು ಮಾಡಿದವು. ಹತ್ತು ನಿಮಿಷ ಕಿವಿ ಕಿತ್ತುಹೋಗುವಂಥ ಕೂಗು. ನಾನು ಅದರ ಕೆಳಗೇ, ದಾರ ಕೈಯಲ್ಲಿ ಹಿಡಿದು ನಿಂತಿದ್ದೆ. ಎರಡು ನನ್ನ ತಲೆಯ ಮೇಲೆ ಎರಗಿ ಬಂದವು. ಆಮೇಲೆ ಒಮ್ಮೆಗೇ ಎಲ್ಲವೂ ಎದ್ದು ಹೋದವು.

ಇವತ್ತಿನ ಫಲ: ಸೂರಕ್ಕಿಯ ಎದೆಯ ನೇರಳೆ, ಗೊರವಂಕದ ಹಳದಿ ಕೆನ್ನೆ, ಜೊತೆಗೆ ಮಡಿವಾಳ ಹಾಡುವಾಗ ಕಾಣುವ ಅದರ ನಾಲಗೆ! ನಾಲಗೆ!

3 ಫೆಬ್ರವರಿ, ಸೋಮವಾರ

ನಿನ್ನೆ ಸಂಜೆ ಕಿಶೋರ್ ಹೊರಟ ಮೇಲೆ ಅತ್ತೆ ಕ್ಯಾಲೆಂಡರ್ ಮುಂದೆ ನಿಂತು 16ನೇ ತಾರೀಖಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ಮಾವನವರ ಶ್ರಾದ್ಧ. ಮಾಘ ಬಹುಳ ಚೌತಿ, ಭಾನುವಾರವೇ ಬಂದಿದೆ. ವಡೋದರಾದಿಂದ ಬಾಲಕೃಷ್ಣಾಚಾರ್ಯರು ಬರುತ್ತಾರೆ. ಅದೇ ರೈಲಿನಲ್ಲಿ ಮಾವನವರ ತಂಗಿ ಸುಭದ್ರತ್ತೆಯೂ.

ಅತ್ತೆ ಮೊದಲ ಸಲ ನನ್ನ ಜೊತೆ ಕೂತು ಮಾತಾಡಿದರು. ಆಚಾರ್ಯರ ಊಟವಾದ ಮೇಲೆ ತಾರಸಿಯಲ್ಲಿ ಕಾಗೆಗೆ ಎಡೆ ಇಡಬೇಕು. ಕಾಗೆ ಮುಟ್ಟಿದ ಮೇಲೇ ಮನೆಯವರ ಊಟ. ಅಲ್ಲಿಯವರೆಗೆ ಅವರು ನೀರನ್ನೂ ಕುಡಿಯುವುದಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗುವುದಿಲ್ಲ. ಹೋದ ವರ್ಷ ಕಾಗೆ ಬರುವಾಗ ನಾಲ್ಕು ಗಂಟೆಯಾಗಿತ್ತಂತೆ. ತಲೆ ತಿರುಗಿ ಬಿದ್ದಿದ್ದರಂತೆ. ಸುಭದ್ರತ್ತೆ ಊರೆಲ್ಲ ಹೇಳಿದ್ದರಂತೆ, ಅಣ್ಣನಿಗೆ ಏನೋ ಅಸಮಾಧಾನ ಇದೆ ಎಂದು.

“ಈ ಸಲ ಹಾಗಾಗಲ್ಲ,” ಎಂದರು ಅತ್ತೆ. “ಸೊಸೆ ಬಂದಿದಾಳೆ, ಅವಳೇ ಅಡಿಗೆ ಮಾಡ್ತಾಳೆ. ನೋಡಕ್ಕೆ ಅಂತಾನೇ ನಿನ್ನ ಮಾವ ಬೇಗ ಬರ್ತಾರೆ. ನೀನು ಎದುರಿಗೇ ನಿಂತಿರಬೇಕು.”

ನಾನು ತಲೆಯಾಡಿಸಿದೆ. ನಾಲ್ಕು ದಿನದಿಂದ ನಮ್ಮ ತಾರಸಿಗೆ ಒಂದೂ ಕಾಗೆ ಬಂದಿಲ್ಲ.

4 ಫೆಬ್ರವರಿ

ಬೆಳಕು ಹರಿಯುತ್ತಲೇ ಬೊಂಬೆ ಬಿಚ್ಚಿ ಚೀಲಕ್ಕೆ ತುಂಬಿ ಬಿಸಾಡಿದೆ. ಇನ್ನೇನು ಬರುತ್ತವೆ ಎಂದುಕೊಂಡೆ. ಬಂದವು, ಬೇವಿನ ತುದಿಯವರೆಗೆ. ನನ್ನ ಮುಖ ಕಂಡದ್ದೇ ಕಾ-ಕಾ-ಕಾ ಎಂದು ಬೊಬ್ಬೆ. ಒಂದು ಕೂಗಿದರೆ ಹತ್ತು ಸೇರುತ್ತವೆ. ಮೊಬೈಲಿನಲ್ಲಿ ಓದಿದೆ: ಕಾಗೆ ಮನುಷ್ಯರ ಮುಖವನ್ನು ನೆನಪಿಡುತ್ತದೆ. ವರ್ಷಗಟ್ಟಲೆ. ಮರಿಗಳಿಗೂ ಹೇಳಿಕೊಡುತ್ತದೆ.

ಸತ್ತ ಕಾಗೆಯ ಕೆಳಗೆ ದಾರ ಹಿಡಿದು ನಿಂತವಳು ನಾನು. ಅವುಗಳ ಲೆಕ್ಕದಲ್ಲಿ ನಾನು ಕೊಲೆಗಾರ್ತಿ.

ಅಡಿಗೆಮನೆಯ ಕಿಟಕಿಯ ಹೊರಗೆ ಅತ್ತೆ ದಿನಾ ಒಂದು ತುತ್ತು ಅನ್ನ ಇಡುತ್ತಾರೆ. ಇವತ್ತು ಸಂಜೆ ಅದು ಹಾಗೇ ಒಣಗಿತ್ತು. ಅವರು ಅದನ್ನೇ ನೋಡುತ್ತಾ ನಿಂತಿದ್ದರು. ನಾನು ಪಾತ್ರೆ ತೊಳೆಯುತ್ತಿರುವ ಹಾಗೆ ನಟಿಸಿದೆ.

6 ಫೆಬ್ರವರಿ

ನಾನು ಬುದ್ಧಿವಂತೆ! ಇಲ್ಲಿನ ಹುಡುಗಿಯರು ಸ್ಕೂಟರ್ ಓಡಿಸುವಾಗ ದುಪಟ್ಟಾವನ್ನು ಮುಖಕ್ಕೆಲ್ಲ ಸುತ್ತಿ ಕಣ್ಣು ಮಾತ್ರ ಬಿಡುತ್ತಾರಲ್ಲ, ಹಾಗೇ ಸುತ್ತಿಕೊಂಡು ಹೋದೆ. ತುಪ್ಪ ಕಲಸಿದ ಅನ್ನ, ಮೇಲೆ ಒಂದು ಹಿಡಿ ಗಾಠಿಯಾ, ಇಲ್ಲಿನವರ ಕಡಲೆಹಿಟ್ಟಿನ ಕುರುಕಲು. ಅನ್ನ ಇಟ್ಟು ಬೆನ್ನು ಹಾಕಿ ಕೂತೆ. ಇಪ್ಪತ್ತು ನಿಮಿಷದ ಮೇಲೆ ಮೊಬೈಲಿನ ಪರದೆಯಲ್ಲಿ ಒಂದು ಕೊಕ್ಕು ಕಾಣಿಸಿತು. ಗಾಠಿಯಾ ಮಾಯ!

ಕೆಳಗಿನ ಮನೆಯ ಗುಜರಾತಿ ಹೆಂಗಸು ಮೆಟ್ಟಿಲಲ್ಲಿ ಸಿಕ್ಕಿ, ಬಿಸಿಲಿಗಾ ಎಂದು ಕೇಳಿದರು. ಹೌದು ಎಂದೆ.

9 ಫೆಬ್ರವರಿ, ಭಾನುವಾರ

ಕಿಶೋರ್ ಈ ವಾರ ಬರಲಿಲ್ಲ, ಪರೀಕ್ಷೆಯಂತೆ. ಬರೆಯಬೇಕಾದದ್ದು ಅದಲ್ಲ. ಕಾಗೆ ಎಷ್ಟು ಚೆಂದ ಎಂದು ನನಗೆ ಯಾರೂ ಯಾಕೆ ಹೇಳಿರಲಿಲ್ಲ?

ಕಪ್ಪು ಅಂದುಕೊಂಡಿದ್ದೆ. ಒಂದಡಿ ದೂರದಿಂದ ನೋಡಿದರೆ ರೆಕ್ಕೆಯಲ್ಲಿ ನೀಲಿ ಇದೆ, ಹಸಿರಿದೆ, ಬಾಲದಲ್ಲಿ ನೇರಳೆ ಹೊಳಪು. ಕತ್ತು ಒಲೆಯ ಬೂದಿಯ ಬಣ್ಣ. ಈಗ ನಾಲ್ಕನ್ನು ಗುರುತು ಹಿಡಿಯಬಲ್ಲೆ. ಕೊಕ್ಕಿನ ತುದಿ ಸೊಟ್ಟಗಿರುವುದು ಯಜಮಾನ. ಮೊದಲು ನೀರಿನ ಟ್ಯಾಂಕಿನ ಮೇಲೆ ಕೂತು ನೋಡುತ್ತದೆ. ಅದು ಇಳಿದರೆ ಮಾತ್ರ ಉಳಿದವು ಇಳಿಯುತ್ತವೆ. ತಿನ್ನುವ ಮುಂಚೆ ಗಾಠಿಯಾವನ್ನು ನೀರಿನ ಬಟ್ಟಲಲ್ಲಿ ಅದ್ದುತ್ತದೆ, ಚಹಾದಲ್ಲಿ ಬಿಸ್ಕತ್ತು ಅದ್ದುವ ಹಾಗೆ. ಇವತ್ತು ಅದೊಂದರದೇ ತೊಂಬತ್ತು ಫೋಟೋ. ಪಿಕಳಾರದ್ದು ಒಂದೂ ಇಲ್ಲ, ಈಗ ನೋಡುವಾಗ ಗೊತ್ತಾಯಿತು.

11 ಫೆಬ್ರವರಿ

ದುಪಟ್ಟಾ ತೆಗೆದೆ. ಎಲ್ಲವೂ ಹಾರಿಹೋದವು. ಒಂದು ನನ್ನ ತಲೆ ಕುಕ್ಕಿತು.

16ಕ್ಕೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಆಚಾರ್ಯರ ಎದುರು ನಿಲ್ಲಲಾಗುತ್ತದೆಯೇ?

13 ಫೆಬ್ರವರಿ

ಶ್ರಾದ್ಧದ ಅಡಿಗೆಯ ಪಾಠ. ಹಸಿಮೆಣಸಿನಕಾಯಿ ಇಲ್ಲ, ಮೆಣಸು ಮಾತ್ರ. ಬಾಳೆಕಾಯಿ ಪಲ್ಯ, ಹೆಸರುಬೇಳೆ ತೊವ್ವೆ, ಗಸಗಸೆ ಪಾಯಸ, ಎಳ್ಳುಂಡೆ, ವಡೆ. ಉದ್ದನ್ನು ರುಬ್ಬಿ ತೋರಿಸುತ್ತಾ ಅತ್ತೆ ಎಷ್ಟು ಮಾತಾಡಿದರು! ಮಾವನವರು ಮೊದಲು ಅಹಮದಾಬಾದಿಗೆ ವರ್ಗವಾಗಿ ಬಂದಾಗ ಇವರಿಗೆ ಗುಜರಾತಿ ಒಂದಕ್ಷರ ಬರುತ್ತಿರಲಿಲ್ಲವಂತೆ. ಆರು ತಿಂಗಳು ಯಾರ ಜೊತೆಗೂ ಮಾತಿಲ್ಲದೆ, ಹಿತ್ತಲಲ್ಲಿ ಕೂತು ಹಕ್ಕಿಗಳ ಜೊತೆ ಕನ್ನಡ ಮಾತಾಡುತ್ತಿದ್ದರಂತೆ. “ಆ ಅಭ್ಯಾಸ ಹೋಯ್ತು, ಮಾತಾಡೋ ಅಭ್ಯಾಸಾನೂ ಹೋಯ್ತು,” ಎಂದು ನಕ್ಕರು.

ಹೇಳಿಬಿಡಬೇಕು ಎಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಉಪ್ಪು ಎಷ್ಟು ಎಂದು ಕೇಳಿದೆ.

15 ಫೆಬ್ರವರಿ

ಕಿಶೋರ್ ಬಂದ! ತರಬೇತಿ ಮುಗಿಯಿತು, ಇನ್ನು ಎಲ್ಲಿಗೂ ಹೋಗುವುದಿಲ್ಲ. ಅವನಿಗೆ ಎಲ್ಲ ಹೇಳಿದೆ. ನನ್ನ ಕಾಲುಚೀಲಾನಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ. ಅಮ್ಮನಿಗೆ ಹೇಳುವುದು ಬೇಡ, ಬರದಿದ್ದರೆ ಎಲೆಯನ್ನು ತಾಪಿ ನದಿಯ ದಡಕ್ಕೆ ಒಯ್ಯೋಣ, ಅಲ್ಲಿ ಸಾವಿರ ಕಾಗೆಗಳಿವೆ ಎಂದ. ಎಷ್ಟು ಸುಲಭ. ಅವನನ್ನು ಅಪ್ಪಿಕೊಂಡೆ. ಆದರೂ ಏನೋ ಸರಿಯಿಲ್ಲ.

16 ಫೆಬ್ರವರಿ, ಭಾನುವಾರ

ಎಲ್ಲವನ್ನೂ ಬರೆಯಬೇಕು, ಒಂದನ್ನೂ ಬಿಡಬಾರದು.

ಒಂದೂವರೆಗೆ ಆಚಾರ್ಯರ ಊಟವಾಯಿತು. ವಡೆಯನ್ನು ಎರಡು ಸಲ ಹಾಕಿಸಿಕೊಂಡರು. ಕಿಶೋರ್ ಎಲೆ ಹಿಡಿದು ಮುಂದೆ, ಹಿಂದೆ ಆಚಾರ್ಯರು, ಸುಭದ್ರತ್ತೆ. ಕೊನೆಯಲ್ಲಿ ಅಮ್ಮ, ನನ್ನ ಭುಜ ಹಿಡಿದು, ಒಂದೊಂದೇ ಮೆಟ್ಟಿಲು. ಅವರು ತಾರಸಿ ಕಂಡು ಒಂದು ವರ್ಷವಾಗಿತ್ತು. ದಾಸವಾಳವನ್ನು ನೋಡಿ ಸ್ವಲ್ಪ ನಿಂತರು.

ಕಿಶೋರ್ ಗೋಡೆಯ ಮೇಲೆ ಎಲೆ ಇಟ್ಟು ಕೈಮುಗಿದ. ಅಮ್ಮ ನನ್ನನ್ನು ಮುಂದಕ್ಕೆ ತಳ್ಳಿದರು. ಬೇವಿನಲ್ಲಿ ಏಳೆಂಟು ಕಾಗೆಗಳಿದ್ದವು. ನನ್ನನ್ನು ಕಂಡವು. ಶುರುವಾಯಿತು.

ಎರಡು ಗಂಟೆ. ಎರಡೂಕಾಲು. ಕೂಗು ನಿಲ್ಲಲಿಲ್ಲ, ಒಂದೂ ಇಳಿಯಲಿಲ್ಲ. ಅಮ್ಮನ ಮೇಲ್ದುಟಿಯ ಮೇಲೆ ಬೆವರು ಕಾಣಿಸಿಕೊಂಡಿತ್ತು. ಆಚಾರ್ಯರು ಐದು ಗಂಟೆಯ ರೈಲಿನ ಮಾತು ತೆಗೆದರು. ಕಿಶೋರ್ ತಾಪಿ ದಡದ ವಿಷಯ ಎತ್ತಿದ. ಅಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ.

ಸುಭದ್ರತ್ತೆ ಎಲೆಯನ್ನೇ ನೋಡುತ್ತಾ ಹೇಳಿದರು: “ಮನೆಗೆ ಹೊಸಬರು ಬಂದದ್ದು ಅಣ್ಣನಿಗೆ ಹಿಡಿಸಲಿಲ್ಲವೇನೋ ಅತ್ತಿಗೆ.”

ನನಗೆ ಸಿಟ್ಟು ಬರಲಿಲ್ಲ. ಅಮ್ಮನ ಮುಖ ನೋಡಿದೆ. ಅವರು ಆ ಮಾತನ್ನು ನಂಬಲು ಶುರುಮಾಡಿದ್ದರು. ಆ ಮುಖದಲ್ಲಿ ನನ್ನ ಮೇಲಿನ ಸಿಟ್ಟಿರಲಿಲ್ಲ. ಮಾವನವರು ಬರುವುದಿಲ್ಲ, ಬರಲಾರರು ಎನ್ನುವ ಮುಖ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

ಹೇಳಿದೆ. ಕಾಲುಚೀಲ, ಕೊಡೆ ಬಟ್ಟೆ, ದಾರ, ದುಪಟ್ಟಾ, ಎಲ್ಲ. “ಮಾವನವರಿಗೆ ಅಸಮಾಧಾನ ಇಲ್ಲಮ್ಮ. ಕಾಗೆಗಳಿಗೆ ನನ್ನ ಮೇಲೆ ಅಸಮಾಧಾನ. ನಾನು ಕೆಳಗೆ ಹೋಗ್ತೀನಿ, ಆಗ ಬರ್ತವೆ.”

ಸುಭದ್ರತ್ತೆ ರಾಮ ರಾಮಾ ಎಂದರು. ಕಿಶೋರ್ ತನ್ನ ಕಾಲನ್ನೇ ನೋಡಿಕೊಂಡ. ನಾನು ಮೆಟ್ಟಿಲ ಕಡೆ ತಿರುಗಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದರು. ಕೈ ತಣ್ಣಗಿತ್ತು.

“ಎಲ್ಲೂ ಹೋಗಬೇಡ. ಮನೆಯವಳನ್ನ ಕೆಳಗೆ ಕಳಿಸಿ ಅವರನ್ನ ಊಟಕ್ಕೆ ಕರೆಯೋದಾ?” ಎಂದರು. ಸ್ವಲ್ಪ ಹೊತ್ತು ಬೇವಿನ ಮರ ನೋಡಿದರು. “ಇಷ್ಟು ದಿನ ಇಲ್ಲೇ ಕೂತಿದ್ದೆಯಲ್ಲ. ಇವು ಏನು ಮಾಡಿದ್ರೆ ಬರ್ತವೆ? ಹೇಳು.”

ನನ್ನನ್ನು! ನನ್ನನ್ನು ಕೇಳಿದರು.

ಹೇಳಿದೆ. ಸಾಲಾಗಿ ನಿಂತು ದುರುಗುಟ್ಟಿ ನೋಡುತ್ತಿದ್ದರೆ ಯಾವ ಹಕ್ಕಿಯೂ ಬರುವುದಿಲ್ಲ. ನನ್ನ ಮುಖ ಅವಕ್ಕೆ ಕಾಣಬಾರದು. ಯಾರ ಮುಖವೂ ಕಾಣಬಾರದು. ಎಲ್ಲರೂ ಕೂತು ಬೆನ್ನು ಹಾಕಬೇಕು. ಎಷ್ಟು ಹೊತ್ತಾದರೂ ತಿರುಗಬಾರದು.

ಸುಭದ್ರತ್ತೆ, ಪಿತೃಗಳಿಗೆ ಬೆನ್ನು ಹಾಕಿ ಕೂರುವುದೇ ಎಂದು ಆಚಾರ್ಯರ ಕಡೆ ನೋಡಿದರು. ಆಚಾರ್ಯರು, ಅತಿಥಿ ಉಣ್ಣುವಾಗ ಬಾಯಿ ನೋಡಬಾರದು ತಾನೇ ಎಂದು ಎಲ್ಲರಿಗಿಂತ ಮೊದಲು ಕೂತುಬಿಟ್ಟರು. ಹೊಟ್ಟೆ ತುಂಬಿದವರಿಗೆ ಕೂರುವುದು ಬೇಕಿತ್ತು.

ಹಾಗೆ ನಾವು ಐವರು ಕಾದ ತಾರಸಿಯ ಮೇಲೆ ಸಾಲಾಗಿ, ಎಲೆಗೆ ಬೆನ್ನು ಹಾಕಿ, ಎದುರಿನ ಕಟ್ಟಡದ ಮೊಬೈಲ್ ಟವರ್ ನೋಡುತ್ತಾ ಕೂತೆವು. ಕ್ಯಾಮೆರಾ ಕೆಳಗೆ ಕಪಾಟಿನಲ್ಲಿತ್ತು. ಆಗ ಅದು ನೆನಪಾಗಲೇ ಇಲ್ಲ. ಕೂಗು ಕಡಿಮೆಯಾಯಿತು. ಆಮೇಲೆ ನಿಂತಿತು. ಅಮ್ಮ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಮಂತ್ರವೆಂದುಕೊಂಡೆ. ಕಿವಿಗೊಟ್ಟರೆ, “ಬನ್ನಿ, ಆರಿಹೋಗತ್ತೆ, ಹೊತ್ತಾಯ್ತು, ಬನ್ನಿ,” ಅಷ್ಟೇ, ಮತ್ತೆ ಮತ್ತೆ.

ನೀರಿನ ಟ್ಯಾಂಕಿನ ಮೇಲೆ ಟಕ್ ಎಂದಿತು. ನನಗೆ ಗೊತ್ತಾಯಿತು. ಆಮೇಲೆ ಗೋಡೆಯ ಮೇಲೆ ಉಗುರಿನ ಸದ್ದು. ಬಾಳೆಲೆ ಸರಬರ ಎಂದಿತು. ಸುಭದ್ರತ್ತೆಯ ಕತ್ತು ತಿರುಗುತ್ತಿತ್ತು.

“ತಿರುಗಬೇಡ,” ಎಂದರು ಅಮ್ಮ, ತುಟಿ ಅಲ್ಲಾಡಿಸದೆ. ಅವರ ಮೈ ನಡುಗುತ್ತಿತ್ತು. ಗಾಬರಿಯಾಗಿ ಓರೆಗಣ್ಣಿನಿಂದ ನೋಡಿದೆ. ನಗುತ್ತಿದ್ದರು. ಕಣ್ಣೀರು ಸುರಿಯುತ್ತಿತ್ತು, ನಗುತ್ತಿದ್ದರು. ನನಗೂ ನಗು ಬಂತು. ಆ ಕಡೆಯಿಂದ ಕಿಶೋರ್ ಮೂಗಿನಲ್ಲಿ ಸದ್ದು ಮಾಡಿದ.

ರೆಕ್ಕೆ ಬಡಿದ ಸದ್ದಾಗಿ ಎಲ್ಲ ಮೌನವಾದ ಮೇಲೆ ತಿರುಗಿದೆವು. ಎಲೆ ಅರ್ಧ ಜಾರಿತ್ತು. ಸುಭದ್ರತ್ತೆ ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದರು.

“ಅಳಿಲಿರಬಹುದು. ಯಾರು ಕಂಡರು?”

ಅಮ್ಮ ನನ್ನನ್ನು ಹಿಡಿದುಕೊಂಡು ಎದ್ದು, ಕುಂಟುತ್ತಾ ಹೋಗಿ ಎಲೆ ನೋಡಿದರು. ಅವಸರವಿಲ್ಲದೆ ನೋಡಿದರು.

“ಪಲ್ಯ ಮುಟ್ಟಿಲ್ಲ, ಪಾಯಸ ಮುಟ್ಟಿಲ್ಲ, ಅನ್ನ ಹಾಗೇ ಇದೆ. ಇಟ್ಟ ನಾಲ್ಕು ವಡೇನೂ ಇಲ್ಲ,” ಎಂದರು. “ಮೂವತ್ತೊಂದು ವರ್ಷ ಬಡಿಸಿದೀನಿ ಸುಭದ್ರಾ. ನಿಮ್ಮಣ್ಣಾನೇ.”

ಆಮೇಲೆ ನನ್ನ ಕಡೆ ತಿರುಗಿ, ನಮಗೇನಾದರೂ ಉಳಿದಿದೆಯೋ ಎಲ್ಲಾ ಆಚಾರ್ಯರಿಗೇ ಹಾಕಿದೆಯೋ ಎಂದು ಕೇಳಿದರು. ಹಿಟ್ಟಿದೆ, ಬಿಸಿಬಿಸಿ ಕರೀತೀನಿ ಎಂದೆ. ನನ್ನ ಭುಜದ ಮೇಲೆ ಪೂರ್ತಿ ಭಾರ ಹಾಕಿ ಮೆಟ್ಟಿಲಿಳಿದರು.